ನಿನ್ನಿ ರೇಟಿಗಿ ಇವತ್ತ ತೊಗರಿ ಸಿಗಲ್ಲ: ಫ್ಯಾಂಟಸಿ ಫುಟ್‌ಬಾಲ್ ಟೀಮ್ ಕಟ್ಟೋದು, ನಡಸೋದು ಹ್ಯಾಂಗ

ನಾವು ನಾವೇ ಮಾಡ್ಕೊಂಡ ಫ್ಯಾಂಟಸಿ ಲೀಗ್‌ದಾಗ ಹನ್ನೊಂದು ಮಂದಿ ಹಾರ. ಹತ್ತು ಮಂದಿ ರಾತ್ರಿ ಒಂದರ ತನಕ ಕಣ್ಣ ಕೆಂಪ ಮಾಡ್ಕೊಂಡು ಮ್ಯಾಚ್ ನೋಡೋರು, ಹನ್ನೊಂದನೇದವರು ನಮ್ಮ ಸ್ವಾದರಮಾವ, ಕಲಬುರಗಿ ನೆಹರು ಗಂಜ್‌ದಾಗ ಒಂದು ಅಡತಿ ಅಂಗಡಿಯಾಗ ಲೆಕ್ಕ ಬರೀತಾರ, ಆಫ್‌ಸೈಡ್ ಅಂದ್ರ ಏನಂತ ಇವತ್ತಿಗೂ ಪೂರಾ ತಿಳದಿಲ್ಲ ಅವರಿಗಿ. ಮೊದಲನೇ ಸೀಸನ್‌ದಾಗೇ ಮಾವ ಎರಡನೇ ನಂಬರ್ ಬಂದ್ರು, ನಾ ಏಳನೇದು. ನಾ ಹನ್ನೆರಡು ವರ್ಷದಿಂದ ಫುಟ್‌ಬಾಲ್ ನೋಡ್ಲಾಕತ್ತೀನಿ ನೋಡ್ರಿ, ಹೊಟ್ಟಿ ಉರಿಯಂಗಿಲ್ಲೇನು?

ಸಿಟ್ಟಿನಾಗೇ ಒಂದಿನ ಕೇಳ್ದೆ, ಮಾವ ನೀವು ಮ್ಯಾಚೇ ನೋಡಂಗಿಲ್ಲ, ಹ್ಯಾಂಗ ಆಡ್ತೀರಿ ಅಂತ. ಚಾ ಕುಡಕೋತ ಅಂದ್ರು, "ತಮ್ಮಾ, ನಿನ್ನಿ ಏನು ರೇಟ್ ಇತ್ತು ಅನ್ನೋದು ನಿನ್ನಿ ಮಾರ್ದವನಿಗಿ ಆಯ್ತು. ನಿನಗ ನಾಳಿ ಮಾಲ ಬೇಕು. ನೀ ಹೋದ ವಾರ ಗೋಲ್ ಹೊಡದವನ ಹಿಂದ ಓಡ್ತಿ, ನಾ ಬರೋ ವಾರ ಯಾವನಿಗಿ ಪೂರಾ ಹೊತ್ತು ಕೆಲಸ ಅದ ಅಂತ ನೋಡ್ತೀನಿ." ಈ ಆಟದಾಗ ತಿಳ್ಕೋಬೇಕಾದ್ದು ಮುಕ್ಕಾಲ ಪಾಲ ಇದೇ. ಉಳದದ್ದೆಲ್ಲ ರೂಲ್ಸು ಮತ್ತ ಲೆಕ್ಕ, ಅದು ಒಮ್ಮಿ ಕೂತು ಓದಿದ್ರ ಬರ್ತದ.

ಇನ್ನೂ ಗೊತ್ತಿಲ್ಲದವರಿಗಿ ಮೊದಲಿಂದ ಹೇಳ್ತೀನಿ. ಇಂಗ್ಲೆಂಡ್‌ದ ಪ್ರೀಮಿಯರ್ ಲೀಗ್‌ನವರೇ ನಡಸೋ ಫ್ಯಾಂಟಸಿ ಆಟ ಇದು, ಎಫ್‌ಪಿಎಲ್ ಅಂತಾರ, 2002-03ರಾಗ ಸುರು ಆದದ್ದು. ನಿಮಗ 100 ಮಿಲಿಯನ್ ಪೌಂಡ್ ಕೊಡ್ತಾರ, ಖರೆ ರೊಕ್ಕ ಅಲ್ಲ, ಲೆಕ್ಕದ ರೊಕ್ಕ. ಅದರಾಗ 15 ಮಂದಿ ಆಟಗಾರರನ್ನ ತಗೋಬೇಕು: 2 ಗೋಲ್‌ಕೀಪರ್, 5 ಡಿಫೆಂಡರ್ (ಹಿಂದ ನಿಂತು ತಡಿಯೋರು), 5 ಮಿಡ್‌ಫೀಲ್ಡರ್ (ನಡುವಿನವರು), 3 ಫಾರ್ವರ್ಡ್ (ಮುಂದ ನಿಂತು ಗೋಲ್ ಹೊಡಿಯೋರು). ಒಂದು ಕ್ಲಬ್‌ದಿಂದ 3 ಮಂದಿಗಿಂತ ಹೆಚ್ಚ ಬ್ಯಾಡ. ವಾರ ವಾರ ಅದರಾಗಿನ 11 ಮಂದಿನ ಇಳಸ್ತೀರಿ, ಅವರು ಅಲ್ಲಿ ಖರೇವಂದ್ರ ಮೈದಾನದಾಗ ಏನು ಮಾಡ್ತಾರೋ ಅದರ ಮ್ಯಾಲ ನಿಮಗ ಪಾಯಿಂಟ್ ಬೀಳ್ತಾವ. ಹಿಂಗ 38 ವಾರ, ಆಗಸ್ಟ್‌ದಿಂದ ಮೇ ತನಕ. ಕ್ರಿಕೆಟ್ ಫ್ಯಾಂಟಸಿ ಆಡಿದವರಿಗಿ ಒಂದೇ ದೊಡ್ಡ ಫರಕ್, ಅಲ್ಲಿ ಮ್ಯಾಚಿಗೊಂದು ಟೀಮ್ ಮಾಡಿ ಮರುದಿನ ಮರತು ಬಿಡ್ತೀರಿ, ಇಲ್ಲಿ ಮಾಡಿದ ಟೀಮನ್ನ ಒಂಬತ್ತು ತಿಂಗಳ ಸಾಕಬೇಕು, ಎಮ್ಮಿ ಕಟ್ಟಿದಂಗ, ಮೇವು ನೀರು ನಿಮ್ಮದೇ.

ರೊಕ್ಕದ ಮಾತು ಬಂತಂತ ಇಲ್ಲೇ ಹೇಳಿ ಮುಗಸ್ತೀನಿ. ಇದಕ್ಕ ಎಂಟ್ರಿ ಫೀ ಇಲ್ಲ, ಪೂರಾ ಫ್ರೀ. 2025ರ ಆಗಸ್ಟ್‌ದಾಗ ಕೇಂದ್ರ ಸರ್ಕಾರ ರೊಕ್ಕ ಹಚ್ಚಿ ಆಡೋ ಆನ್‌ಲೈನ್ ಆಟಗೋಳ ಬಂದ್ ಮಾಡೋ ಕಾಯ್ದೆ ತಂತು, ಡ್ರೀಮ್11ನಂಥ ದೊಡ್ಡೋರೇ ರೊಕ್ಕದ ಕಾಂಟೆಸ್ಟ್ ನಿಲ್ಲಿಸ್ಯಾರ. ಅದಕ್ಕ ನಮ್ಮ ಲೀಗ್‌ದಾಗ ರೊಕ್ಕದ ಹೆಸರೇ ಇಲ್ಲ, ಕಡೀಕ ಬಂದವ ಎಲ್ಲಾರಿಗಿ ಒಂದಿನ ತಹರಿ ತಿನಸಬೇಕು, ಅಷ್ಟೇ.

ಈಗ ಪಾಯಿಂಟ್ ಹ್ಯಾಂಗ ಬೀಳ್ತಾವ ಅನ್ನೋದು. ಇದನ್ನ ಬಾಯಿಪಾಠ ಮಾಡೋದು ಬ್ಯಾಡ, ಆದ್ರ ಇದರ ಒಳಗಿನ ಓರೆಕೋರೆ ತಿಳೀಬೇಕು ಯಾಕಂದ್ರ ಗೆಲ್ಲೋದೆಲ್ಲ ಅಲ್ಲೇ ಅದ. 60 ನಿಮಿಷಕ್ಕಿಂತ ಕಡಿಮಿ ಆಡಿದ್ರ 1 ಪಾಯಿಂಟ್, 60 ಇಲ್ಲಾ ಹೆಚ್ಚ ಆದ್ರ 2. ಗೋಲ್ ಹೊಡದ್ರ ಎಲ್ಲಾರಿಗೂ ಒಂದೇ ಲೆಕ್ಕ ಅಲ್ಲ: ಫಾರ್ವರ್ಡ್‌ಗಿ 4, ಮಿಡ್‌ಫೀಲ್ಡರ್‌ಗಿ 5, ಡಿಫೆಂಡರ್‌ಗಿ 6, ಕೀಪರ್ ಹೊಡದಾನಂದ್ರ 10 (ಹೊಡಿಯಂಗಿಲ್ಲ ಬಿಡ್ರಿ). ಗೋಲಿಗಿ ಪಾಸ್ ಕೊಟ್ಟವನಿಗಿ, ಅಂದ್ರ ಅಸಿಸ್ಟ್‌ಗಿ, 3. ಟೀಮ್ ಒಂದೂ ಗೋಲ್ ಬಿಟ್ಟುಕೊಡಲಿಲ್ಲ ಅಂದ್ರ ಅದಕ್ಕ ಕ್ಲೀನ್ ಶೀಟ್ ಅಂತಾರ, ಕೀಪರ್ ಡಿಫೆಂಡರ್‌ಗಿ 4, ಮಿಡ್‌ಫೀಲ್ಡರ್‌ಗಿ 1, ಫಾರ್ವರ್ಡ್‌ಗಿ ಸೊನ್ನಿ. ಹಳದಿ ಕಾರ್ಡಿಗಿ 1 ಕಟ್, ಕೆಂಪಿಗಿ 3 ಕಟ್, ಪೆನಾಲ್ಟಿ ಹೊಡದು ಗೋಲ್ ಆಗದಿದ್ರ 2 ಕಟ್, ಸ್ವಂತ ಗೋಲಿಗಿ 2 ಕಟ್, ಟೀಮ್ ಎರಡು ಗೋಲ್ ತಿಂದ್ರ ಅದರ ಕೀಪರ್ ಡಿಫೆಂಡರ್‌ಗಿ 1 ಕಟ್. ಕೀಪರ್ 3 ಸೇವ್ ಮಾಡಿದ್ರ 1, ಪೆನಾಲ್ಟಿ ತಡದ್ರ 5. ಆಮ್ಯಾಲ ಒಂದೊಂದು ಮ್ಯಾಚಿನಾಗ ಛಲೋ ಆಡಿದ ಮೂರು ಮಂದಿಗಿ 3, 2, 1 ಅಂತ ಬೋನಸ್.

ಒಂದು ಮಜಾ ನೋಡ್ರಿ. 2022-23ರಾಗ ಮ್ಯಾಂಚೆಸ್ಟರ್ ಸಿಟಿಯ ಹಾಲಂಡ್ ಲೀಗ್‌ದಾಗ 36 ಗೋಲ್ ಹೊಡದ. ಅವ ಫಾರ್ವರ್ಡ್, ಅಂದ್ರ ಗೋಲಿಂದ ಬಂದದ್ದು 144 ಪಾಯಿಂಟ್. 2024-25ರಾಗ ಲಿವರ್‌ಪೂಲ್‌ದ ಸಲಾ ಹೊಡದದ್ದು 29, ಏಳು ಕಡಿಮಿ, ಆದ್ರ ಆಟದವರು ಅವನ್ನ ಮಿಡ್‌ಫೀಲ್ಡರ್ ಅಂತ ಬರಕೊಂಡಿದ್ರು, ಅದಕ್ಕ 145! ಅದರ ಮ್ಯಾಲ 18 ಅಸಿಸ್ಟ್, ಬೋನಸ್, ಕ್ಲೀನ್ ಶೀಟ್ ಎಲ್ಲ ಕೂಡಿ ಆ ವರ್ಷ ಅವ 344ಕ್ಕ ಮುಟ್ಟಿದ, ಅಲ್ಲೀತನ ಯಾರೂ ಮುಟ್ಟಿರಲಿಲ್ಲ. ಹಾಲಂಡ್ 36 ಹೊಡದ ವರ್ಷ 272. ಅದಕ್ಕ ಟೀಮ್ ಮಾಡೋವಾಗ ಹೆಸರಿನ ಮುಂದ ಮಿಡ್‌ಫೀಲ್ಡರ್ ಅಂತ ಬರದಾರೋ ಫಾರ್ವರ್ಡ್ ಅಂತ ಬರದಾರೋ ನೋಡ್ರಿ, ಮುಂದ ನಿಂತು ಗೋಲ್ ಹೊಡಿಯೋ ಮನಶ್ಯಾ ಮಿಡ್‌ಫೀಲ್ಡರ್ ಪಟ್ಟಿಯಾಗ ಸಿಕ್ಕಾನಂದ್ರ ಅದು ಸುಗ್ಗಿ. 2024ರ ಸೆಪ್ಟೆಂಬರ್‌ದಾಗ ಚೆಲ್ಸಿಯ ಪಾಮರ್ ಬ್ರೈಟನ್ ಮ್ಯಾಲ ಫಸ್ಟ್ ಹಾಫ್‌ದಾಗೇ ನಾಕು ಗೋಲ್ ಬಾರಿಸಿದ, ಅವನೂ ಇದೇ ಪಟ್ಟಿಯವ, ಗೋಲಿಗಿ 20, ನಿಮಿಷಕ್ಕ 2, ಬೋನಸ್ 3, ಒಟ್ಟ 25. ಕ್ಯಾಪ್ಟನ್ ಮಾಡಿದವನಿಗಿ ಡಬಲ್, ಅಂದ್ರ 50. ನಾ ಮಾಡಿರಲಿಲ್ಲ, ಆ ಮಾತ ಬ್ಯಾಡ.

2025-26ರಿಂದ ಡಿಫೆಂಡರ್‌ಗೋಳಿಗಿ ಹೊಸಾ ದಾರಿ ಒಂದು ತಗದಾರ. ಒಂದು ಮ್ಯಾಚಿನಾಗ ಬಾಲ್ ದೂರ ಒದ್ದದ್ದು, ಶಾಟ್‌ಗಿ ಅಡ್ಡ ಬಿದ್ದದ್ದು, ನಡುವ ಕಸಕೊಂಡದ್ದು, ಟ್ಯಾಕಲ್ ಮಾಡಿದ್ದು, ಎಲ್ಲ ಕೂಡಿ 10 ಆದ್ರ ಡಿಫೆಂಡರ್‌ಗಿ 2 ಪಾಯಿಂಟ್. ಮಿಡ್‌ಫೀಲ್ಡರ್ ಫಾರ್ವರ್ಡ್‌ಗಿ 12 ಆಗಬೇಕು, ಅವರಿಗಿ ಮಾತ್ರ ಸಡಲ ಬಿದ್ದ ಬಾಲ್ ಎತ್ತಿಕೊಂಡದ್ದೂ ಲೆಕ್ಕಕ್ಕ ಬರ್ತದ. ಇದರಿಂದ ಏನಾಯ್ತಂದ್ರ ಮೊದಲ ಯಾರೂ ಮೂಸಿ ನೋಡದ ಸಣ್ಣ ಟೀಮಿನ ಸೆಂಟರ್ ಬ್ಯಾಕ್‌ಗೋಳಿಗಿ, ಅಂದ್ರ ನಟ್ಟನಡುವ ನಿಂದ್ರೋ ಡಿಫೆಂಡರ್‌ಗೋಳಿಗಿ, ಬೆಲಿ ಬಂತು, ಯಾಕಂದ್ರ ಸಣ್ಣ ಟೀಮಿನ ಮ್ಯಾಲೇ ಹೆಚ್ಚ ದಾಳಿ ಆಗ್ತದ, ದಾಳಿ ಆದಷ್ಟೂ ಇವ ಬಾಲ್ ಒದೀತಾನ. ಟೀಮ್ ಎರಡು ಗೋಲ್ ತಿಂದು ಸೋತ್ರೂ ಇವನ ಹಾಜರಿದು 2, ಇದು 2, ಕಟ್ 1, ಕೈಯಾಗ 3 ಉಳೀತದ. ಎವರ್ಟನ್‌ದ ತಾರ್ಕೋವ್‌ಸ್ಕಿಯಂಥವರು ಈ ಕೆಲಸಕ್ಕೇ ಹುಟ್ಟ್ಯಾರ. ನಮ್ಮ ಮಾವನಿಗಿ ಈ ರೂಲ್ ಭಾಳ ಸೇರ್ತದ, ಹಮಾಲಿ ಮಾಡಿದವನಿಗಿ ಕೂಲಿ ಸಿಗಬೇಕಪಾ ಅಂತಾರ.

ಈಗ ಮೇನ್ ಮಾತಿಗಿ ಬರ್ತೀನಿ, ನಿಮಿಷ. ನಾವು ಹೈಲೈಟ್ಸ್ ನೋಡಿ ಹುಚ್ಚ ಆಗೋದು ಗೋಲಿಗಿ, ಆದ್ರ ಗೋಲ್ ಹೊಡೀಬೇಕಂದ್ರ ಮೊದಲ ಮೈದಾನದಾಗ ಇರಬೇಕಲ್ಲ. ವಾರಕ್ಕೊಮ್ಮಿ 90 ನಿಮಿಷ ಆಡೋ ಸಾದಾ ಆಟಗಾರ, 25 ನಿಮಿಷ ಬಂದು ಹೋಗೋ ಭಾರಿ ಆಟಗಾರನಿಗಿಂತ ಛಲೋ, ಇದು ಹತ್ತಕ್ಕ ಒಂಬತ್ತು ಸಲ ಖರೆ. ದೊಡ್ಡ ಕ್ಲಬ್‌ಗೋಳು ಮಂಗಳವಾರ ಬುಧವಾರ ಯುರೋಪಿನ ಮ್ಯಾಚ್ ಆಡ್ತಾವ, ಶನಿವಾರ ಲೀಗ್, ಅಂದಾಗ ಕೋಚ್ ಆಟಗಾರರನ್ನ ತಿರುವಿ ಹಾಕ್ತಾನ. ಮ್ಯಾಂಚೆಸ್ಟರ್ ಸಿಟಿಯ ಕೋಚ್ ಆಗಿ ಪೆಪ್ ಗ್ವಾರ್ಡಿಯೋಲಾ ಇದಕ್ಕ ಎಷ್ಟ ಹೆಸರಾದನಂದ್ರ ಈ ಆಟದ ಮಂದಿ ಅದಕ್ಕ ಪೆಪ್ ರೂಲೆಟ್ ಅಂತಲೇ ಹೆಸರ ಇಟ್ಟಾರ, ಜೂಜಿನ ಗಾಲಿ ತಿರುಗಿದಂಗ, ಯಾವನ ಮ್ಯಾಲ ನಿಂದ್ರತದೋ ಪೆಪ್‌ಗೇ ಗೊತ್ತು. ಹೊಸಬರು ಸಿಟಿ ಟೀಮಿನ ಮೂರು ಮಂದಿ ತಗೊಂಡು, ಶನಿವಾರ ಸಂಜೀಕ ಅದರಾಗ ಇಬ್ಬರು ಬೆಂಚ್ ಮ್ಯಾಲ ಕೂತದ್ದು ನೋಡಿ ತಲಿ ಹಿಡಕೊಂಡು ಕುಂದರ್ತಾರ.

ಅದಕ್ಕ ಆಟಗಾರನ ತಗೊಳಕಿಂತ ಮೊದಲ ಅವ ಹೋದ ಆರು ಮ್ಯಾಚಿನಾಗ ಎಷ್ಟ ಸುರುವಾತಿಂದ ಆಡ್ಯಾನ, ಎಷ್ಟನೇ ನಿಮಿಷಕ್ಕ ಹೊರಗ ಕರದಾರ ಅಂತ ನೋಡ್ರಿ, ಆ್ಯಪಿನಾಗ ಎಲ್ಲ ಅದ. 58ನೇ ನಿಮಿಷಕ್ಕ ಹೊರಗ ಹೋಗೋ ಚಟ ಇರೋ ಡಿಫೆಂಡರ್ ಅಂತೂ ಬ್ಯಾಡೇ ಬ್ಯಾಡ, ಯಾಕಂದ್ರ ಕ್ಲೀನ್ ಶೀಟ್ ಪಾಯಿಂಟ್ ಸಿಗಬೇಕಂದ್ರ 60 ನಿಮಿಷ ಆಡಿರಬೇಕು. ಇದರ ಉಲ್ಟಾನೂ ಅದ, 70ಕ್ಕ ಹೊರಗ ಬಂದ, ಅಲ್ಲೀತನ ಗೋಲ್ ಆಗಿಲ್ಲ, 80ಕ್ಕ ಗೋಲ್ ಬಿತ್ತು, ಇವನ 4 ಪಾಯಿಂಟಿಗಿ ಏನೂ ಆಗಲ್ಲ. ಒಳಗಿದ್ದೋರು ಅಷ್ಟೇ ಅಳಬೇಕು. ಗುರುವಾರ ಶುಕ್ರವಾರ ಕೋಚ್‌ಗೋಳು ಪ್ರೆಸ್ ಮುಂದ ಬಂದು ಯಾರಿಗಿ ಪೆಟ್ಟಾಗ್ಯಾದ ಯಾರು ತಯಾರ ಹಾರ ಅಂತ ಹೇಳ್ತಾರ, ಅದನ್ನ ಕೇಳೋ ತನಕ ಟೀಮಿಗಿ ಕೈ ಹಚ್ಚಬ್ಯಾಡ್ರಿ. ಸೋಮವಾರ ರಾತ್ರಿ ಸಿಟ್ಟಿನಾಗ ಮಾಡಿದ ಬದಲಾವಣಿ ಶುಕ್ರವಾರಕ್ಕ ಪಶ್ಚಾತ್ತಾಪ ಆಗ್ತದ, ಇದು ನಾ ಕೈ ಸುಟ್ಟುಕೊಂಡು ಕಲ್ತದ್ದು.

ಬಜೆಟ್ ಲೆಕ್ಕ ಹಿಂಗ ಹಾಕ್ರಿ. ಬೆಂಚ್ ಮ್ಯಾಲ ಕೂಡೋ ನಾಕು ಮಂದಿಗಿ ಕಡಿಮಿಯೊಳಗ ಕಡಿಮಿ, ಕೀಪರ್ 4.0, ಡಿಫೆಂಡರ್ 4.0, ಮಿಡ್‌ಫೀಲ್ಡರ್ 4.5, ಫಾರ್ವರ್ಡ್ 4.5, ಒಟ್ಟ 17. ಉಳದದ್ದು 83, ಹನ್ನೊಂದು ಮಂದಿಗಿ. 2025-26ರ ಸುರುವಾತಿಗಿ ಸಲಾ 14.5, ಹಾಲಂಡ್ 14.0 ಇದ್ರು, ಇಬ್ಬರನ್ನೂ ತಗೊಂಡ್ರ 28.5 ಹೋಯ್ತು, ಉಳದ ಒಂಬತ್ತು ಮಂದಿಗಿ 54.5, ತಲಿಗಿ 6ರ ಮ್ಯಾಲ ಚೂರು. ಮದುವಿ ಮನಿಯಾಗ ಪೆಂಡಾಲಿಗೇ ಎಲ್ಲ ಖರ್ಚ ಮಾಡಿ ಊಟಕ್ಕ ಬರೇ ಅನ್ನ ಸಾರು ಮಾಡಿದಂಗ ಆಗ್ತದ ಒಂದೊಂದ ಸಲ. ದೊಡ್ಡೋರು ಇಬ್ಬರು ಬ್ಯಾಡ ಅನ್ನಲ್ಲ ನಾ, ಆದ್ರ ಇಬ್ಬರೂ ಇರಬೇಕಂದ್ರ 5ರಿಂದ 6ರ ನಡುವಿನ ಮಾಲ ಆರಿಸೋದು ನಿಮಗ ಬರಬೇಕು, ಆಟ ಗೆಲ್ಲೋದು ಅಲ್ಲೇ, ಸಲಾ ಹಾಲಂಡ್ ಛಲೋ ಅಂತ ಯಾರಿಗಿ ಗೊತ್ತಿಲ್ಲ.

ಮತ್ತ ಬೆಂಚ್ ಪೂರಾ ಸತ್ತದ್ದು ಇಡಬ್ಯಾಡ್ರಿ. ಹನ್ನೊಂದರಾಗ ಒಬ್ಬ ಒಂದು ನಿಮಿಷನೂ ಆಡಲಿಲ್ಲ ಅಂದ್ರ ಬೆಂಚಿಂದ ನೀವು ಇಟ್ಟ ಸಾಲಿನ ಪ್ರಕಾರ ಒಬ್ಬ ತಾನೇ ಒಳಗ ಬರ್ತಾನ, 3 ಡಿಫೆಂಡರ್ 1 ಫಾರ್ವರ್ಡ್‌ಗಿಂತ ಕಡಿಮಿ ಆಗಬಾರ್ದು ಅಷ್ಟೇ. ಆಡ್ದೇ ಇರೋರನ್ನೇ ಬೆಂಚಿಗಿ ಹಾಕಿದ್ರ ಅಲ್ಲಿಂದ ಬರೋರು ಯಾರು? ಒಬ್ಬರರ ದಿನಾ ಆಡೋವ ಇರಲಿ. ಇಲ್ಲಿ ಒಂದು ತೊಡಕು ಅದ ನೋಡ್ರಿ: ನಿಮ್ಮವ 89ನೇ ನಿಮಿಷಕ್ಕ ಇಳದು ಬಾಲ್ ಮುಟ್ಟದೇ ಹೋದ್ರೂ ಅವ ಆಡಿದಂಗೇ, 1 ಪಾಯಿಂಟ್, ಬೆಂಚಿನಾಗ ಕೂತವನ 12 ಪಾಯಿಂಟ್ ಅಲ್ಲೇ ಕೊಳೀತಾವ.

ಕ್ಯಾಪ್ಟನ್‌ಗೂ ಇದೇ ಕಥಿ. ಕ್ಯಾಪ್ಟನ್ ಪಾಯಿಂಟ್ ಡಬಲ್. ಅವ ಆಡಲೇ ಇಲ್ಲ ಅಂದ್ರ ವೈಸ್ ಕ್ಯಾಪ್ಟನ್‌ದು ಡಬಲ್ ಆಗ್ತದ. ಆದ್ರ ಕ್ಯಾಪ್ಟನ್ ಒಂದು ನಿಮಿಷ ಕಾಲಿಟ್ಟ ಅಂದ್ರ ಮುಗೀತು, 1ರದು 2. ಅದಕ್ಕ ಕ್ಯಾಪ್ಟನ್ ಆರಿಸೋದ್ರಾಗ ಜಾಣತನ ತೋರಿಸ್ಲಿಕ್ಕ ಹೋಗಬ್ಯಾಡ್ರಿ, ಎಲ್ಲಾರೂ ಮಾಡೋವನ್ನೇ ಮಾಡ್ರಿ: ಪೆನಾಲ್ಟಿ ಹೊಡೆಯೋವ, ಮನಿ ಮೈದಾನದಾಗ, ಕೆಳಗಿನ ಟೀಮಿನ ಮ್ಯಾಲ. ಪೆನಾಲ್ಟಿ ಯಾರು ಹೊಡೀತಾರ ಅನ್ನೋದು ಸಣ್ಣ ಮಾತಲ್ಲ, ಒಂದು ಪೆನಾಲ್ಟಿ ಅಂದ್ರ ನಾಕಕ್ಕ ಮೂರು ಸಲ ಗೋಲ್.

ಇದೇ ಲೆಕ್ಕದ ದೊಡ್ಡ ರೂಪ ಎಕ್ಸ್‌ಜಿ (ಎಕ್ಸ್‌ಪೆಕ್ಟೆಡ್ ಗೋಲ್ಸ್) ಅಂತ ಬರ್ತದ, ಹೆಸರು ಕೇಳಿ ಅಂಜಬ್ಯಾಡ್ರಿ. ಒಂದೊಂದು ಶಾಟ್ ಹೊಡದಾಗ, ಅಂಥ ಜಾಗದಿಂದ ಅಂಥ ಶಾಟ್ ಹಿಂದ ನೂರಕ್ಕ ಎಷ್ಟ ಸಲ ಗೋಲ್ ಆಗ್ಯಾದ ಅಂತ ಲೆಕ್ಕ ಹಾಕಿ ಒಂದು ನಂಬರ್ ಕೊಡ್ತಾರ. ದೂರದಿಂದ ಎತ್ತಿ ಒಗದದ್ದಕ್ಕ 0.03 ಇರಬಹುದು, ಗೋಲ್ ಬಾಯಾಗಿಂದ ತಳ್ಳಿದ್ದಕ್ಕ 0.6 ಇರಬಹುದು. ಮ್ಯಾಚ್ ಮುಗದ ಮ್ಯಾಲ ಎಲ್ಲ ಕೂಡಿಸ್ತಾರ. ಒಬ್ಬ ಮೂರು ವಾರದಾಗ 4 ಗೋಲ್ ಹೊಡದಾನ, ಎಕ್ಸ್‌ಜಿ ಕೂಡಿಸಿದ್ರ ಬರೇ 0.9, ಅಂದ್ರ ನಸೀಬ್ ಓಡ್ಲಾಕತ್ತದ, ನಿಂದ್ರತದ. ಇನ್ನೊಬ್ಬ ಒಂದೂ ಹೊಡದಿಲ್ಲ, ಎಕ್ಸ್‌ಜಿ 2.8, ಅಂದ್ರ ಛಲೋ ಜಾಗಕ್ಕ ದಿನಾ ಹೋಗ್ಲಾಕತ್ತಾನ, ಬಾಗಲ ಬಡೀಲಾಕತ್ತಾನ, ಒಂದಿನ ತಗೀತದ. ಎಲ್ಲಾರೂ ಮೊದಲನೇದವನ ಹಿಂದ ಓಡ್ತಾರ. ಮಾವ ಎರಡನೇದವನ್ನ ತಗೋತಾರ, ಎಕ್ಸ್‌ಜಿ ಅನ್ನೋ ಹೆಸರು ಅವರಿಗಿ ಗೊತ್ತಿಲ್ಲ, "ಶಾಟ್ ಎಷ್ಟ ಹೊಡದಾನ ನೋಡು" ಅಂತ ಕೇಳ್ತಾರ ಅಷ್ಟೇ. ಒಂದೇ ಮಾತು, ಮೂರು ವಾರದ ನಂಬರಿಗಿ ಜೀವ ಕೊಡಬ್ಯಾಡ್ರಿ, ಆರು ಎಂಟು ವಾರದ್ದರ ಇರಬೇಕು.

ಮುಂದ ಯಾರ ಜೋಡಿ ಮ್ಯಾಚ್ ಅದ ಅಂತ ನೋಡೋದೂ ಅಷ್ಟೇ ಜರೂರಿ. ಆ್ಯಪಿನಾಗ ಪ್ರತಿ ಮ್ಯಾಚಿಗಿ 1ರಿಂದ 5ರ ತನಕ ಕಠಿಣ ಎಷ್ಟ ಅಂತ ಬಣ್ಣ ಹಚ್ಚಿ ತೋರಸ್ತಾರ, ಹಸರು ಅಂದ್ರ ಹಗುರ, ಕೆಂಪು ಅಂದ್ರ ಭಾರ. ಒಂದು ವಾರಕ್ಕ ನೋಡಬ್ಯಾಡ್ರಿ, ಐದಾರು ವಾರ ಒಟ್ಟಿಗಿ ನೋಡ್ರಿ, ಒಂದು ಟೀಮಿಗಿ ಸಾಲಾಗಿ ಹಸರು ಬಂದಾಗ ಒಳಗ ಬರ್ರಿ, ಕೆಂಪು ಸುರು ಆಗೋ ಮೊದಲ ಹೊರಗ ಹೋಗ್ರಿ.

ಒಳಗ ಹೊರಗ ಅಂದೆ, ಅದೇ ಟ್ರಾನ್ಸ್‌ಫರ್. ವಾರಕ್ಕ ಒಂದು ಫ್ರೀ. ಈ ವಾರ ಮಾಡಲಿಲ್ಲ ಅಂದ್ರ ಮುಂದಿನ ವಾರಕ್ಕ ಎರಡು, ಹಿಂಗ 5ರ ತನಕ ಕೂಡಿ ಇಡಬಹುದು, ಮೊದಲ 2 ಅಷ್ಟೇ ಇತ್ತು, 2024-25ರಿಂದ 5 ಮಾಡ್ಯಾರ. ಫ್ರೀ ಮುಗದ ಮ್ಯಾಲ ಒಂದೊಂದಕ್ಕ 4 ಪಾಯಿಂಟ್ ಕಟ್, ಇದಕ್ಕ ಹಿಟ್ ಅಂತಾರ. ನಾ ಏಳನೇ ನಂಬರ್ ಬಂದದ್ದು ಈ ಹಿಟ್‌ನಿಂದನೇ. ಆ ವರ್ಷ ಒಂದು ವಾರ ನನ್ನ ಟೀಮ್ 31 ಪಾಯಿಂಟಿಗಿ ಮಕಾಡೆ ಬಿತ್ತು, ರವಿವಾರ ರಾತ್ರಿ ಗ್ರೂಪಿನಾಗ ಎಲ್ಲಾರೂ ನನ್ನ ಹಾಸ್ಯ ಮಾಡ್ಲಾಕತ್ರು, ರೊಟ್ಟಿ ಗಂಟಲಾಗ ಇಳೀಲಿಲ್ಲ, ಎದ್ದು ಆ ವಾರ ಎರಡೆರಡು ಗೋಲ್ ಹೊಡದ ಮೂರು ಮಂದಿನ ತಂದು ಹಾಕ್ದೆ, ಒಂದು ಫ್ರೀ, ಎರಡಕ್ಕ 8 ಕಟ್. ಮುಂದಿನ ವಾರ ಆ ಮೂರು ಮಂದಿ ಕೂಡಿ ತಂದದ್ದು 7. ನಾ ಹೊರಗ ಹಾಕಿದ ಒಬ್ಬನೇ 13. ಲೆಕ್ಕ ಸೀದಾ ಅದ, 4 ಕೊಟ್ಟು ತರೋವ, ಹೋಗೋವನಕಿಂತ 4 ಹೆಚ್ಚ ತಂದ್ರ ಬರೋಬ್ಬರಿ ಆಗ್ತದ, ಲಾಭ ಆಮ್ಯಾಲಿನ ಮಾತು. ಗಾಡಿಯಾಗ ತಂದ ತೊಗರಿಗಿ ಬಾಡಿಗಿ ಮೊದಲ ಹುಟ್ಟಬೇಕು ಅಂತಾರಲ್ಲ ಹಂಗ. ಆಟಗಾರನಿಗಿ ಪೆಟ್ಟಾಗಿ ಹನ್ನೊಂದು ಮಂದಿ ನಿಂದ್ರೋದೇ ಇಲ್ಲ ಅನ್ನೋ ಹೊತ್ತಿಗಿ ಹಿಟ್ ತಗೋರಿ, ಸಿಟ್ಟಿಗಿ ಬ್ಯಾಡ. ಮಾವ ಇಡೀ ಸೀಸನ್‌ದಾಗ ಒಂದೇ ಹಿಟ್ ತಗೊಂಡಿದ್ರು, ಅದೂ ಕೈ ತಪ್ಪಿ ಬಟನ್ ಒತ್ತಿ.

ರೇಟಿನ ಮಾತು ಬ್ಯಾರೆ ಅದ. ಆಟಗಾರರ ಬೆಲಿ ದಿನಾ ಏರ್ತದ ಇಳೀತದ, ಒಂದ ಸಲಕ್ಕ 0.1. ಭಾಳ ಮಂದಿ ತಗೋಲಾಕತ್ರ ಏರ್ತದ, ಮಾರ್ಲಾಕತ್ರ ಇಳೀತದ. ಅಲ್ಲಿ ನಡುರಾತ್ರಿ ಆಗ್ತದ ಇದು, ನಮಗ ಬೆಳಗಿನ ಜಾವ, ಎದ್ದ ಕೂಡ್ಲೇ ನೋಡ್ತೀರಿ. ಗಂಜ್‌ದಾಗ ಡಿಸೆಂಬರ್ ಜನವರಿಗಿ ಹೊಸ ತೊಗರಿ ಬಂದು ರಾಶಿ ಬಿದ್ದಾಗ ರೇಟ್ ಇಳೀತದಲ್ಲ, ಅದು ಮಾಲ ಹೆಚ್ಚಾಗಿ. ಇಲ್ಲಿ ಮಾಲ ಎಷ್ಟ ಮಂದಿ ಬೇಕಾದ್ರೂ ತಗೋಬಹುದು, ಒಬ್ಬನೇ ಆಟಗಾರ ಲಕ್ಷಾಂತರ ಟೀಮಿನಾಗ ಇರ್ತಾನ, ಅದಕ್ಕ ರೇಟ್ ಹೋಗೋದು ಬರೇ ಮಂದಿ ಮನಸಿನ ಮ್ಯಾಲ. ಮಾರೋವಾಗ ಪೂರಾ ಲಾಭ ಸಿಗಲ್ಲ, ಅರ್ಧ ಅಷ್ಟೇ, ಅದೂ ಕೆಳಗಿನ ಅಂಕಿಗಿ ಇಳಿಸಿ: 7.0ಕ್ಕ ತಗೊಂಡವ 7.3 ಆಗ್ಯಾನ, ಮಾರಿದ್ರ 7.1 ಕೈಗಿ. ಅಡತಿಯವನ ಕಮಿಷನ್ ಇದ್ದಂಗ. ಇದರ ಸಲುವಾಗಿ 0.1 ಏರ್ತದಂತ ಮಂಗಳವಾರನೇ ಒಬ್ಬನ್ನ ತಗೊಂಡು, ಬುಧವಾರ ಬ್ಯಾರೆ ಟೂರ್ನಮೆಂಟಿನಾಗ ಅವ ಕಾಲ ಮುರಕೊಂಡ್ರ ನೀವೇನು ಮಾಡ್ತೀರಿ? 0.1 ಹೋದ್ರ ಹೋಗ್ಲಿ, ಸುದ್ದಿ ಕೇಳಿ ತಗೋರಿ.

ಚಿಪ್ಸ್ ಅಂತ ನಾಕು ಅವ, ಲಗೂನ ಹೇಳ್ತೀನಿ. ವೈಲ್ಡ್ ಕಾರ್ಡ್ ಹಾಕಿದ್ರ ಆ ವಾರ 15 ಮಂದಿನೂ ಫ್ರೀ ಬದಲಿ ಮಾಡಬಹುದು, ಹಂಗೇ ಉಳೀತದ. ಫ್ರೀ ಹಿಟ್‌ದಾಗನೂ ಪೂರಾ ಬದಲಿ, ಆದ್ರ ಒಂದೇ ವಾರಕ್ಕ, ಮರುವಾರ ಹಳೇ ಟೀಮ್ ವಾಪಸ್. ಬೆಂಚ್ ಬೂಸ್ಟ್‌ದಾಗ ಬೆಂಚಿನ ನಾಕು ಮಂದಿ ಪಾಯಿಂಟೂ ಕೂಡ್ತಾವ. ಟ್ರಿಪಲ್ ಕ್ಯಾಪ್ಟನ್ ಅಂದ್ರ ಡಬಲ್ ಹೋಗಿ ಮೂರು ಪಟ್ಟು. ಒಂದು ವಾರಕ್ಕ ಒಂದೇ ಚಿಪ್. 2025-26ರಿಂದ ನಾಕೂ ಎರಡೆರಡು ಸಿಗ್ತಾವ, ಮೊದಲನೇ ಸೆಟ್ 19ನೇ ವಾರದ ಡೆಡ್‌ಲೈನ್ ಒಳಗ ಹಾಕಬೇಕು, ಇಲ್ಲಂದ್ರ ಹೋಯ್ತು, ಮುಂದಕ್ಕ ಬರಲ್ಲ.

ಇವನ್ನ ಯಾವಾಗ ಹಾಕಬೇಕು ಅನ್ನೋದಕ್ಕ ಡಬಲ್ ಗೇಮ್‌ವೀಕ್ ತಿಳೀಬೇಕು. ಎಫ್‌ಎ ಕಪ್, ಲೀಗ್ ಕಪ್ ಅನ್ನೋ ಬ್ಯಾರೆ ಟೂರ್ನಮೆಂಟಿನ ಮ್ಯಾಚ್ ಅಡ್ಡ ಬಂದಾಗ ಕೆಲವು ಟೀಮಿನ ಲೀಗ್ ಮ್ಯಾಚ್ ಮುಂದಕ್ಕ ಹಾಕ್ತಾರ. ಆ ವಾರ ಆ ಟೀಮಿಗಿ ಮ್ಯಾಚೇ ಇಲ್ಲ, ಖಾಲಿ ವಾರ. ಮುಂದಕ್ಕ ಹಾಕಿದ ಮ್ಯಾಚ್ ಇನ್ನೊಂದು ವಾರಕ್ಕ ಹೋಗಿ ಕೂಡ್ತದ, ಆಗ ಆ ಟೀಮಿಗಿ ಒಂದೇ ವಾರದಾಗ ಎರಡು ಮ್ಯಾಚ್, ನಿಮ್ಮ ಆಟಗಾರನಿಗಿ ಎರಡು ಕೂಲಿ. ಇವು ಹೆಚ್ಚಾಗಿ ಸೀಸನ್‌ದ ಎರಡನೇ ಅರ್ಧದಾಗ ಬರ್ತಾವ. ಟ್ರಿಪಲ್ ಕ್ಯಾಪ್ಟನ್, ಬೆಂಚ್ ಬೂಸ್ಟ್ ಅಲ್ಲಿಗಿ ಇಟ್ಟುಕೊಳ್ರಿ, ಫ್ರೀ ಹಿಟ್ ಖಾಲಿ ವಾರಕ್ಕ. ಮೊದಲನೇ ಅರ್ಧದ ಸೆಟ್‌ಗಿ ಇಷ್ಟು ತಲಿ ಕೆಡಸಬ್ಯಾಡ್ರಿ, ಹಸರು ಮ್ಯಾಚ್ ಸಿಕ್ಕಲ್ಲಿ ಹಾಕಿ ಕೈ ತೊಳಕೋರಿ. ವೈಲ್ಡ್ ಕಾರ್ಡ್ ಮಾತ್ರ ಮೂರನೇ ವಾರಕ್ಕೇ ಹಾಕೋ ಚಟ ಬಿಡ್ರಿ, ಯುರೋಪಿನಾಗ ಆಟಗಾರರ ಖರೀದಿ ಬಾಗಲ ಮುಚ್ಚೋದೇ ಸೆಪ್ಟೆಂಬರ್ ಸುರುವಾತಿಗಿ, ಅಲ್ಲೀತನ ಯಾರು ಯಾವ ಟೀಮ್ ಅಂತನೇ ನಿಕ್ಕಿ ಇರಲ್ಲ.

ಇನ್ನೊಂದು, ಆಫ್ರಿಕಾ ಕಪ್, ಆಫ್ರಿಕಾದ ದೇಶಗೋಳ ನಡುವಿನ ಟೂರ್ನಮೆಂಟ್. 2025ರ ಡಿಸೆಂಬರ್ 21ಕ್ಕ ಮೊರೊಕ್ಕೊದಾಗ ಸುರು ಆಗಿ ಜನವರಿ ತನಕ ನಡೀತು, ಸಲಾನಂಥವರು ತಮ್ಮ ದೇಶಕ್ಕ ಹೋದ್ರು, 14 ಮಿಲಿಯನ್ ಬೆಂಚ್ ಮ್ಯಾಲ. ಇಂಥದ್ದು ಆರು ತಿಂಗಳ ಮೊದಲೇ ಗೊತ್ತಿರ್ತದ, ದೀಪಾವಳಿ ಯಾವಾಗ ಅಂತ ಕ್ಯಾಲೆಂಡರ್ ನೋಡಿದಂಗ ನೋಡಿಟ್ಟುಕೊಂಡ್ರ ಆಯ್ತು.

ನಮ್ಮ ಕಡಿ ಮಂದಿಗಿ ಹೆಚ್ಚ ತ್ರಾಸ ಕೊಡೋದು ಟೈಮ್. ವಾರದ ಮೊದಲನೇ ಮ್ಯಾಚಿಗಿ 90 ನಿಮಿಷ ಮೊದಲ ಡೆಡ್‌ಲೈನ್. ಶನಿವಾರ ಅಲ್ಲಿ 12:30ಕ್ಕ ಮೊದಲ ಮ್ಯಾಚ್ ಇದ್ರ ಅವರ 11 ಗಂಟಿಗಿ ಬಾಗಲ ಬಂದ್, ನಮಗ ಮಧ್ಯಾಹ್ನ 3:30. ಶುಕ್ರವಾರ ರಾತ್ರಿ 8ಕ್ಕ ಇದ್ರ ನಮಗ ರಾತ್ರಿ 11. ಅಕ್ಟೋಬರ್ ಕಡೀ ರವಿವಾರ ಇಂಗ್ಲೆಂಡ್‌ದಾಗ ಗಡಿಯಾರ ಒಂದು ತಾಸು ಹಿಂದ ಹಾಕ್ತಾರ, ಅಲ್ಲಿಂದ ಮಾರ್ಚ್ ಕಡೀ ರವಿವಾರದ ತನಕ ಅದೇ ಡೆಡ್‌ಲೈನ್ ನಮಗ 4:30, ಶುಕ್ರವಾರದ್ದು ರಾತ್ರಿ 12. ಮಾರ್ಚ್‌ದಾಗ ವಾಪಸ್ 3:30ಕ್ಕ ಬಂದಾಗ ನಮ್ಮ ಲೀಗ್‌ದಾಗ ಪ್ರತಿ ವರ್ಷ ಇಬ್ಬರರ ಮೋಸ ಹೋಗ್ತಾರ, ಇನ್ನೂ ಒಂದು ತಾಸು ಅದ ಅಂತ ಸೂಪರ್ ಮಾರ್ಕೆಟ್‌ದಾಗ ಸಂತಿ ಮಾಡ್ಕೋತ ನಿಂತಿರ್ತಾರ. ಆ ಬ್ಯಾಸಗಿಯಾಗ ನಮ್ಮ ಓಣಿ ಕರೆಂಟೂ ಅದೇ ಹೊತ್ತಿಗಿ ಹೋಗ್ತದ, ವೈಫೈ ನಂಬಬ್ಯಾಡ್ರಿ, ಶುಕ್ರವಾರ ರಾತ್ರೀನೇ ಕ್ಯಾಪ್ಟನ್ ಹಾಕಿ ಸೇವ್ ಮಾಡಿ ಮಲಕೊಳ್ರಿ, ಶನಿವಾರ ಬದಲಿ ಬೇಕಂದ್ರ ಮಾಡಿದ್ರಾಯ್ತು.

ಸೀಸನ್ ಅರ್ಧ ಹೋಗ್ಯಾದ, ಈಗ ಸೇರಬಹುದೇನು ಅಂತ ಭಾಳ ಮಂದಿ ಕೇಳ್ತಾರ. ಸೇರಬಹುದು, ಯಾವ ವಾರ ಬಂದ್ರೂ 100 ಮಿಲಿಯನ್ ಕೊಡ್ತಾರ, ಮೊದಲನೇ ಡೆಡ್‌ಲೈನ್ ತನಕ ಎಷ್ಟ ಬೇಕಾದ್ರೂ ಬದಲಿ ಮಾಡ್ರಿ. ಆದ್ರ ಆಟಗಾರರು ಅವತ್ತಿನ ರೇಟಿಗಿ ಸಿಗ್ತಾರ, ಮತ್ತ ಹಿಂದಿನ ವಾರದ ಪಾಯಿಂಟ್ ಸೊನ್ನಿ, ಅದಕ್ಕ ಹಳೇ ಲೀಗ್‌ದಾಗ ಬಂದ್ರ ಸೀದಾ ಕಡೀ ನಂಬರ್, ತಹರಿ ಖರ್ಚು ಗ್ಯಾರಂಟಿ. ಅದಕ್ಕೊಂದು ದಾರಿ ಅದ, ಹೊಸ ಲೀಗ್ ಮಾಡೋವಾಗ ಯಾವ ವಾರದಿಂದ ಪಾಯಿಂಟ್ ಎಣಿಸಬೇಕು ಅಂತ ಆರಿಸಲಿಕ್ಕ ಬರ್ತದ. ನಮ್ಮ ಓಣಿ ಹುಡುಗ್ರು ಮೂರು ಮಂದಿ ನಡುವ ಬಂದ್ರು ಅಂತ ಅವರ ಸಲುವಾಗಿ 20ನೇ ವಾರದಿಂದ ಇನ್ನೊಂದು ಲೀಗ್ ತಗದೀನಿ. ಕೋಡ್ ಕಳಿಸಿ ಐದು ನಿಮಿಷ ಆಗಿಲ್ಲ, ಮೊದಲನೇ ಹೆಸರು ಮಾವಂದು ಬಂತು.